ಮೂರು ಬೆರಳಿನ ಗುರುತು

ದಿನಕ್ಕೆ ಎಷ್ಟು ಸಲ ದೇವರಿಗೆ ಸ್ತೋತ್ರ ಹೇಳುತ್ತೀರಿ ಎಂದು ನಾನು ಕೇಳುವುದಿಲ್ಲ. ಹೇಳುವಾಗ ನಿಮ್ಮ ಎದುರಿಗೆ ಯಾರು ನಿಂತಿರುತ್ತಾರೆ? ಅದನ್ನು ಕೇಳುತ್ತಿದ್ದೇನೆ. ಉತ್ತರ ಆಮೇಲೆ ಕೊಡಿ. ಮೊದಲು ಈ ಕಥೆ ಕೇಳಿ.

ಕಾಲುವೆ ದಂಡೆಯ ಊರೊಂದರಲ್ಲಿ ಒಬ್ಬ ಶ್ರೀಮಂತ ಇದ್ದ. ಅಕ್ಕಿ ಗಿರಣಿ ಇತ್ತು, ಕಾರಿತ್ತು, ಕ್ರೈಸ್ತ ಸಭೆಯಲ್ಲಿ ಹಿರಿಯನ ಸ್ಥಾನ ಇತ್ತು. ಕೆಟ್ಟವನೇ? ಅಲ್ಲ. ಈ ಕಥೆಯ ತೊಂದರೆಯೇ ಅದು. ಕೆಟ್ಟವನಾಗಿದ್ದರೆ ನಾವೆಲ್ಲ ನೆಮ್ಮದಿಯಿಂದ ಕೇಳಿ ಮನೆಗೆ ಹೋಗಬಹುದಿತ್ತು. ಅವನು ದೇವರಿಗೆ ಕೃತಜ್ಞನಾಗಿದ್ದ ಮನುಷ್ಯ. ಮಳೆ ಬಂದರೆ ಸ್ತೋತ್ರ, ಬರದಿದ್ದರೂ ಸ್ತೋತ್ರ. ಚಹಾ ಬಂದರೆ ಕಣ್ಣು ಮುಚ್ಚಿ ಸ್ತೋತ್ರ ಹೇಳುತ್ತಿದ್ದ. ಕಣ್ಣು ಬಿಡುವಷ್ಟರಲ್ಲಿ ಚಹಾ ತಂದವಳು ಒಳಗೆ ಹೋಗಿರುತ್ತಿದ್ದಳು.

ಅವನ ಕಾರಿಗೆ ಒಬ್ಬ ಡ್ರೈವರ್. ಹೆಸರು ದಾನಪ್ಪ. ಶ್ರೀಮಂತನ ಹೆಸರನ್ನು ನಾನು ಹೇಳುವುದಿಲ್ಲ, ಇವನದನ್ನು ಹೇಳುತ್ತೇನೆ. ಯಾಕೆ ಎನ್ನುವುದು ಆಮೇಲೆ ಗೊತ್ತಾಗುತ್ತದೆ. ದಾನಪ್ಪ ಮೊದಲು ಅದೇ ಗಿರಣಿಯಲ್ಲಿ ಕೆಲಸಕ್ಕಿದ್ದ. ಒಂದು ದಿನ ಎಡಗೈ ಬೆಲ್ಟಿಗೆ ಸಿಕ್ಕಿ ಕಿರುಬೆರಳೂ ಅದರ ಪಕ್ಕದ ಬೆರಳೂ ಹೋದವು. "ಕೈ ಅಂತೂ ಉಳೀತಲ್ಲೋ, ಸ್ತೋತ್ರ ಹೇಳು" ಎಂದ ಶ್ರೀಮಂತ. ಗಿರಣಿ ಕೆಲಸ ಬಿಡಿಸಿ ಕಾರಿಗೆ ಹಾಕಿದ. ಅಂದಿನಿಂದ ಮೂರು ಬೆರಳಿನ ಆ ಕೈ ಕಾರಿನ ಗೇರಿನ ಮೇಲೆ, ಅದರ ಪಕ್ಕದ ಸೀಟಿನಲ್ಲಿ ಶ್ರೀಮಂತ. ಎಷ್ಟೋ ವರ್ಷ ಹೀಗೇ.

ಒಂದು ಸಂಜೆ ಪಕ್ಕದೂರಿನ ಪ್ರಾರ್ಥನಾ ಕೂಟ ಮುಗಿಸಿಕೊಂಡು ಇಬ್ಬರೂ ಮರಳುತ್ತಿದ್ದರು. ಕಾಲುವೆ ದಂಡೆಯ ಮೇಲೆ ಟೈರು ಸಿಡಿಯಿತು. ಕಾರು ನೀರಿಗುರುಳಿತು. ಶ್ರೀಮಂತ ನಿದ್ದೆಯಲ್ಲಿದ್ದ. ಎಚ್ಚರವಾದಾಗ ಮೂಗಿನ ತನಕ ನೀರು, ಎಲ್ಲಿ ನೋಡಿದರೂ ಕಪ್ಪು. ಕಿಟಕಿಯ ಗಾಜು ಒಡೆಯಿತು. ಒಂದು ಕೈ ಅವನ ತೋಳನ್ನು ಗಟ್ಟಿಯಾಗಿ ಹಿಡಿದು ಹೊರಗೆಳೆಯಿತು, ದಂಡೆಯ ಕಡೆ ನೂಕಿತು. ಶ್ರೀಮಂತನ ಬೆರಳಿಗೆ ಹುಲ್ಲು ಸಿಕ್ಕಿತು. ಬದುಕಿದ. ದಾನಪ್ಪನ ಹೆಣ ಮರುದಿನ ಕೆಳಗಿನ ತೂಬಿನ ಹತ್ತಿರ ಸಿಕ್ಕಿತು.

ಕಾರನ್ನು ಮೇಲೆತ್ತಿದಾಗ ಡ್ರೈವರ್ ಕಡೆಯ ಬಾಗಿಲು ತೆರೆದಿತ್ತು. ಊರಿಗೆ ಅಷ್ಟೇ ಸಾಕಾಯಿತು.

"ಸಾವ್ಕಾರ್ರನ್ನ ಒಳಗ ಬಿಟ್ಟು ತಾ ಹಾರ್‍ಯಾನ ನೋಡ್ರಿ."

"ಹಾರೂದು ಹಾರಿದ, ಈಜು ಕಲ್ತರ ಹಾರಬೇಕಿತ್ತಿಲ್ಲೋ!"

ಚಹಾದಂಗಡಿಯಲ್ಲಿ ನಕ್ಕರು. ಶ್ರೀಮಂತ ಆಸ್ಪತ್ರೆಯಲ್ಲಿ ಮಲಗಿ ಇದನ್ನು ಕೇಳಿದ, ನಂಬಿದ. ನೋಡಿ, ಅವನು ಸುಳ್ಳು ಹೇಳಲಿಲ್ಲ. ನಂಬಿದ.

ಮಣ್ಣು ಮಾಡುವ ದಿನ ಹಿರಿಯರು, ಪೆಟ್ಟಿಗೆಯನ್ನು ದೇವಾಲಯದೊಳಗೆ ತರುವುದು ಬೇಡ, ನೇರ ಸ್ಮಶಾನಕ್ಕೆ ಒಯ್ಯಿರಿ ಎಂದರು. ಅಲ್ಲಿ ಪಾಸ್ಟರರು "ಈ ಸಹೋದರನು" ಎಂದು ಶುರು ಮಾಡಿ "ಈ ಸಹೋದರನನ್ನು" ಎಂದು ಮುಗಿಸಿದರು, ಹೆಸರು ಎಲ್ಲೂ ಬರಲಿಲ್ಲ. ದಾನಪ್ಪನ ಹೆಂಡತಿ ರಾಹೇಲಮ್ಮ ಅತ್ತು ಮುಗಿಸಿದ್ದಳು. ಅವಳು ಕೇಳಿದ್ದು ಒಂದೇ ಮಾತು.

"ರವಿವಾರ ದೇವಾಲಯದಾಗ ಅವ್ರ ಹೆಸರು ತಗೊಂಡು ಪ್ರಾರ್ಥನಾ ಮಾಡ್ರಿ ಅಯ್ಯನವರ. ನನ್ನ ಮಕ್ಕಳಿಗೆ ಊರ ಮಂದಿ ಓಡಿಹೋದವನ ಮಕ್ಕಳು ಅಂತಾರ. ಅಪ್ಪನ ಹೆಸರು ಮಕ್ಕಳ ಕಿವಿಗೆ ಬೀಳಬೇಕು."

"ನೋಡೂಣಮ್ಮ. ಅವತ್ತ ಸಾವ್ಕಾರ್ರು ಬರ್ತಾರ. ಅವ್ರ ಮನಸ್ಸಿಗೆ ನೋವಾಗಬಾರ್ದು."

ಭಾನುವಾರ ಬಂತು. ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವ ಸಮಯ. ಶ್ರೀಮಂತ ಎದ್ದು ಮುಂದೆ ಬಂದ. ಬಿಳಿ ಅಂಗಿಯ ತೋಳನ್ನು ಮೇಲಕ್ಕೆ ಮಡಚಿದ.

"ಪ್ರಿಯರೇ, ಕಾಯಬೇಕಾದ ಮನುಷ್ಯ ನನ್ನನ್ನ ಬಿಟ್ಟು ಹೋದ. ನನ್ನ ದೇವರು ಬಿಡಲಿಲ್ಲ. ನೀರಿನಾಗ ತನ್ನ ದೂತನ್ನ ಕಳಿಸಿದ. ಸುಳ್ಳಲ್ಲ, ಇಲ್ಲಿ ನೋಡ್ರಿ, ದೂತ ಹಿಡಿದ ಗುರುತು!"

ತೋಳಿನ ಮೇಲೆ ರಕ್ತ ಕಪ್ಪುಗಟ್ಟಿತ್ತು. ಒಂದು ಬದಿಗೆ ಹೆಬ್ಬೆರಳಿನಷ್ಟು ದಪ್ಪ ಒಂದು ಗುರುತು. ಇನ್ನೊಂದು ಬದಿಗೆ ಎರಡು.

"ಎಣಿಸ್ರಿ! ಮೂರು! ಮನುಷ್ಯಾನ ಕೈ ಆಗಿದ್ರ ಐದು ಇರ್ತಿದ್ವು. ಇದು ತಂದೆ, ಇದು ಮಗ, ಇದು ಪವಿತ್ರಾತ್ಮ!"

ಇಡೀ ಸಭೆ ಹಲ್ಲೆಲೂಯಾ ಎಂದಿತು. ಪಾಸ್ಟರರ ಕಣ್ಣಲ್ಲಿ ನೀರು. ಒಬ್ಬ ಹಿರಿಯ ಆ ಗುರುತುಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ನೋಡಿ, ಅಲ್ಲಿದ್ದವರೆಲ್ಲ ದಾನಪ್ಪನನ್ನು ಬಲ್ಲವರು. ಕ್ರಿಸ್‌ಮಸ್‌ಗೆ ಅವನ ಕೈಯಿಂದ ಕೇಕ್ ತೆಗೆದುಕೊಂಡು ತಿಂದವರು. ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ! ದೂತ ಬಂದ ಎನ್ನುವುದನ್ನು ನಂಬಿದರು. ಡ್ರೈವರ್ ಬಂದಿರಬಹುದು ಎನ್ನುವುದು ಯಾರ ತಲೆಗೂ ಹೋಗಲಿಲ್ಲ.

ಹೆಂಗಸರ ಕಡೆ, ಹಿಂದಿನ ಚಾಪೆಯಿಂದ ರಾಹೇಲಮ್ಮ ಎದ್ದಳು. ನಡುವಿನ ದಾರಿ ದಾಟಿ ಗಂಡಸರ ಕಡೆ ಬಂದಳು.

"ಎಲ್ಲಿಗಮ್ಮ? ಸಾಕ್ಷಿ ನಡದೈತಿ, ಕುಂದ್ರು," ಎಂದ ಹಿರಿಯ.

"ಕುಂದರ್ತೀನ್ರಿ. ಸಾವ್ಕಾರ್ರ ತೋಳು ಒಮ್ಮೆ ನೋಡಿ ಕುಂದರ್ತೀನಿ."

ಶ್ರೀಮಂತ ತೋಳನ್ನು ತಾನೇ ಮುಂದೆ ಚಾಚಿದ. "ಬಿಡ್ರಿ, ಬರ್ಲಿ. ಮುಟ್ಟಿ ನೋಡು ತಂಗಿ, ನಿನಗೂ ಸಮಾಧಾನ ಆಗ್ತದ."

ಅವಳು ಎಡಗೈ ಎತ್ತಿದಳು. ಕಿರುಬೆರಳನ್ನೂ ಅದರ ಪಕ್ಕದ ಬೆರಳನ್ನೂ ಒಳಗೆ ಮಡಚಿದಳು. ಉಳಿದ ಮೂರು ಬೆರಳುಗಳಿಂದ ಅವನ ತೋಳು ಹಿಡಿದಳು. ಒಂದು ಬದಿಗೆ ಒಂದು. ಇನ್ನೊಂದು ಬದಿಗೆ ಎರಡು. ಕಪ್ಪು ಗುರುತುಗಳು ಅವಳ ಬೆರಳುಗಳ ಕೆಳಗೆ ಕಾಣದಾದವು.

"ಇದು ದೂತನ ಕೈ ಅಲ್ರಿ ಸಾವ್ಕಾರ್ರ. ನಿಮ್ಮ ಗಿರಣಿ ಬೆಲ್ಟು ತಿಂದು ಬಿಟ್ಟ ಕೈ. ನಮ್ಮ ಮನಿಯವ್ರು ಬಾಗಿಲಾ ತಗದದ್ದು ಖರೆ. ಓಡಾಕಲ್ಲ. ಸುತ್ತು ಹಾಕಿ ನಿಮ್ಮ ಕಡೆ ಬರಾಕ."

ಶ್ರೀಮಂತ ತನ್ನ ತೋಳನ್ನು ನೋಡಿದ. ಅವಳ ಕೈ ನೋಡಿದ. ಮತ್ತೆ ತೋಳು ನೋಡಿದ.

"ಗೇರಿನ ಮ್ಯಾಲ..." ಎಂದ. "ದಿನಾ ಗೇರಿನ ಮ್ಯಾಲ..." ಅಂಗಿಯ ತೋಳನ್ನು ಕೆಳಗೆಳೆಯಲು ಹೋದ. ಅರ್ಧಕ್ಕೇ ಬಿಟ್ಟ.

ರಾಹೇಲಮ್ಮ ಪಾಸ್ಟರರ ಕಡೆ ತಿರುಗಿದಳು. "ಈಗರ ಹೆಸರು ತಗೋತೀರೇನ್ರಿ ಅಯ್ಯನವರ?"

ಪಾಸ್ಟರರು ಪಕ್ಕದ ಹಿರಿಯನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದರು: "ಏನು ಆತನ ಹೆಸರು?"

ಮೆಲ್ಲಗೆ ಕೇಳಿದ್ದು ಎಲ್ಲರಿಗೂ ಕೇಳಿಸಿತು.

"ದಾನಪ್ಪ," ಎಂದ ಶ್ರೀಮಂತ. ವರ್ಷಗಟ್ಟಲೆ "ಡ್ರೈವರ್" ಎಂದೇ ಕೂಗಿದ ಬಾಯಿ ಅದು. "ದಾನಪ್ಪ. ಓಡಿ ಹೋಗಲಿಲ್ಲ. ನನ್ನನ್ನ ಹೊರಗ ಹಾಕಿ ಸತ್ತ." ದಾನಪ್ಪನ ಮಕ್ಕಳು ಕೂತಿದ್ದ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. ಆ ದಿನ ಅವನ ಬಾಯಿಂದ ಸ್ತೋತ್ರ ಎಂಬ ಮಾತು ಬರಲಿಲ್ಲ. ಆದರೆ ಅವನು ಜೀವಮಾನದಲ್ಲಿ ದೇವರಿಗೆ ಸಲ್ಲಿಸಿದ ಮೊದಲ ಸ್ತೋತ್ರ ಅದೇ ಎಂದು ನಾನು ಹೇಳುತ್ತೇನೆ.

ಈಗ ನಿಮ್ಮ ಕಡೆ ಬರುತ್ತೇನೆ. ದೇವರಿಗೆ ಕೃತಜ್ಞತೆ ಬೇಡವೇ? ಬೇಕು, ಪ್ರಿಯರೇ, ಅದಿಲ್ಲದೆ ಕ್ರೈಸ್ತ ಜೀವನವೇ ಇಲ್ಲ. ಆ ಕಾರಿನಿಂದ ಅವನನ್ನು ಎತ್ತಿದವನು ದೇವರಲ್ಲವೇ? ದೇವರೇ. ಯಾವ ಕೈಯಿಂದ ಎತ್ತಿದ? ಅದನ್ನು ನೋಡದೆ ಮೇಲೆ ನೋಡಿದರೆ ಮೇಲೆ ಕಾಣುವುದು ಛಾವಣಿ ಮಾತ್ರ. ಸುವಾರ್ತೆಯಲ್ಲಿ ಕರ್ತನು ಗುಣಮಾಡಿದ ಹತ್ತು ಮಂದಿ ಕುಷ್ಠರೋಗಿಗಳನ್ನು ನೆನಪಿಸಿಕೊಳ್ಳಿ. ಹೋದ ಒಂಬತ್ತು ಮಂದಿಯೂ ದೇವಾಲಯದಲ್ಲಿ ನಿಂತು ಸ್ತೋತ್ರ ಹೇಳಿರಬಹುದು, ಯಾರಿಗೆ ಗೊತ್ತು? ಆದರೆ ಗುಣ ಮಾಡಿದವನ ಕಾಲ ಬಳಿಗೆ ಹಿಂದಿರುಗಿ ಬಂದವನು ಒಬ್ಬನೇ.

ನಿಮ್ಮ ಮನೆಯಲ್ಲಿ ಜ್ವರ ಬಿಟ್ಟಾಗ ಕೃತಜ್ಞತಾ ಕೂಟ ಇಡುತ್ತೀರಿ, ಬಿರಿಯಾನಿ ಮಾಡಿಸುತ್ತೀರಿ. ಆಸ್ಪತ್ರೆಯಲ್ಲಿ ನಿಮ್ಮ ವಾಂತಿ ಒರೆಸಿದವಳನ್ನು ಆ ಊಟಕ್ಕೆ ಕರೆದಿದ್ದೀರಾ? ಆಕೆಯ ಹೆಸರಾದರೂ ಗೊತ್ತಾ? ಗೊತ್ತಿಲ್ಲದಿದ್ದರೆ ನಾಳೆ ಹೋಗಿ ಕೇಳಿ. ಹೆಸರು ಹಿಡಿದು ದೇವರ ಮುಂದೆ ಹೇಳಿ. ಅವರು ಬದುಕಿರುವಾಗಲೇ ಹೋಗಿ, ದಾನಪ್ಪನ ಹಾಗೆ ಮಣ್ಣು ಸೇರಿದ ಮೇಲಲ್ಲ. ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ, ಪ್ರಾರ್ಥನೆಗೆ ಮೊದಲು, ತಟ್ಟೆ ಇಟ್ಟ ಕೈಯನ್ನು ಒಮ್ಮೆ ನೋಡಿ. ಸುಟ್ಟ ಗಾಯ ಎಲ್ಲಿದೆ, ಯಾವ ಉಗುರು ಒಡೆದಿದೆ ಎಂದು ನೋಡಿ. ದೇವರು ನಿಮಗೆ ಅನ್ನ ಕೊಟ್ಟದ್ದು ಆ ಕೈಯಿಂದ.

ಈಗ ಎಲ್ಲರೂ ಎದ್ದು ನಿಲ್ಲಿ. ಸ್ತೋತ್ರದ ಪ್ರಾರ್ಥನೆ ಮಾಡೋಣ.

ಕಣ್ಣು ಮುಚ್ಚಬೇಡಿ. ಪಕ್ಕಕ್ಕೆ ನೋಡಿ.