ಅಪ್ಪನ ದನಿ ಬರುವ ಜಾಗ

ಫೋನ್ ರಿಪೇರಿಗೆ ಕೊಟ್ಟು ಅಂಗಡಿಯ ಬೆಂಚಿನಲ್ಲಿ ಕಾಯುತ್ತಿದ್ದ ದರ್ಜಿಯಮ್ಮನ ಪಕ್ಕದಲ್ಲೇ ಒಬ್ಬ ಅಕ್ಕ ಮತ್ತು ಅವಳ ತಮ್ಮ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಜಗಳವಾಡುತ್ತಿದ್ದರು. ಸಂಜೆ ಅವರ ತೀರಿಹೋದ ಅಪ್ಪನ ನೆನಪಿನ ಸಭೆ. ಅಲ್ಲಿ ತೋರಿಸಬೇಕಾದ ವಿಡಿಯೊ ಇನ್ನೂ ಸಿದ್ಧವಾಗಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ದೋಷವೇನಿಲ್ಲ ಎಂದು ಅಂಗಡಿಯವನು ಆಗಲೇ ಕೈಚೆಲ್ಲಿದ್ದ.

“ಮತ್ತೆ ಅಲ್ಲೇ ನಿಂತ್ಹೋಯ್ತು,” ಎಂದ ತಮ್ಮ. “ನಿನ್ನ ಫೋನಲ್ಲಿ ತೆಗೆದ ತುಣುಕು ಬಂದ ತಕ್ಷಣ ಸಾಫ್ಟ್‌ವೇರ್ ಮುಚ್ಚಿಹೋಗತ್ತೆ. ಅದನ್ನ ತೆಗೆದುಬಿಡೋಣ.”

“ಇಡೀ ವಿಡಿಯೊದಲ್ಲಿ ನಾನಿರೋದು ಅದೊಂದರಲ್ಲೇ ಕಣೋ.”

“ಅಪ್ಪನ್ನ ನೋಡೋಕೆ ಬಂದು ಹೋಗಿ ಮಾಡಿದ್ರೆ ಇನ್ನೂ ನಾಲ್ಕರಲ್ಲಿ ಇರ್ತಿದ್ದೆ.”

“ನೀನು ಬಾಗಿಲು ತೆಗೆದಿದ್ರೆ ಬರ್ತಿದ್ದೆ. ಆ ತುಣುಕನ್ನ ಬೇರೆ ಫಾರ್ಮ್ಯಾಟಿಗೆ ಬದಲಾಯಿಸಿ ಹಾಕು ಅಂತ ಬೆಳಿಗ್ಗೆಯಿಂದ ಬಡ್ಕೊಳ್ತಿದ್ದೀನಿ.”

“ನಿಂಗೇನು ಗೊತ್ತು ಇದರ ವಿಷಯ?”

“ಕೊಡು ಇಲ್ಲಿ.”

ಅಕ್ಕನೇ ಲ್ಯಾಪ್‌ಟಾಪ್ ಎಳೆದುಕೊಂಡು ಆ ತುಣುಕನ್ನು ಬದಲಾಯಿಸಿ ಹಾಕಿದಳು. ಮುಖ ತಿರುಗಿಸಿಕೊಂಡು ಇಬ್ಬರೂ ಕಾದರು. ಈ ಸಲ ವಿಡಿಯೊ ಎಲ್ಲೂ ನಿಲ್ಲದೆ ಸಿದ್ಧವಾಯಿತು. ಪೆನ್‌ಡ್ರೈವಿಗೆ ಹಾಕಿಕೊಂಡು ಅವಳು ತನ್ನ ಭಾಗವನ್ನು ಓಡಿಸಿ ನೋಡಿದಳು. ಮುದುಕರೊಬ್ಬರ ದನಿ ಕೇಳಿಸಿತು: “ನೀನು ಬಂದಿದ್ದೆ ಅಂತ ತಮ್ಮನಿಗೆ ಹೇಳ್ಬೇಡಮ್ಮ. ಆಮೇಲೆ ನಂಗೆ ಬೈತಾನೆ.”

ತಮ್ಮ ತಟ್ಟನೆ ಲ್ಯಾಪ್‌ಟಾಪ್ ಮುಚ್ಚಿದ.

“ದನಿ ತೆಗೆದುಹಾಕು. ಬರೀ ಚಿತ್ರ ಸಾಕು.”

“ಓ, ಸಾಫ್ಟ್‌ವೇರಿನ ತೊಂದರೆ ಇದೇನಾ?”

“ಸಭೇಲಿ ನನ್ನ ಹೆಂಡ್ತಿ ಮಕ್ಕಳು ಕೂತಿರ್ತಾರೆ ಕಣೇ.”

“ಅಪ್ಪನೂ ಕೂತಿದ್ರು, ಆ ಮನೇಲಿ, ನಿಂಗೆ ಹೆದರ್ಕೊಂಡು.”

ಪೆನ್‌ಡ್ರೈವ್ ಕಿತ್ತುಕೊಂಡು ಅವಳು ಎದ್ದೇಬಿಟ್ಟಳು. ಅವನು ಲ್ಯಾಪ್‌ಟಾಪನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹಿಂದೆಯೇ ಓಡಿದ.

“ಅಕ್ಕಾ, ದನಿ ತೆಗೀತೀಯ ತಾನೆ?”

ದರ್ಜಿಯಮ್ಮ ಕಿವಿ ನಿಮಿರಿಸಿದಳು. ಬಾಗಿಲಾಚೆಯಿಂದ ಉತ್ತರ ಬಂತು.

“ಮುಂದಿನ ಸಾಲಲ್ಲೇ ಕೂತ್ಕೊಂಡು ಕೇಳು.”