ಓಡಿಹೋಗುವವರಿಗೂ ಮಾವ ಬೇಕು

ನಾನು ಕದ್ದು ಕೇಳಿದ್ದೂ ನಿಜ, ಕೇಳಿದ ಕಥೆಯೂ ನಿಜ. ದಾದರಿನಲ್ಲಿ ಟ್ರಾಮಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಚೆನ್ನಯ, ನೀಲಾವತಿ ಇಬ್ಬರೂ ಸುತ್ತಲಿನವರಿಗೆ ಕನ್ನಡ ಬಾರದೆಂಬ ಧೈರ್ಯದಲ್ಲಿ ಜೋರಾಗಿಯೇ ಪಿಸುಗುಟ್ಟುತ್ತಿದ್ದರು.

“ಭಾನುವಾರ ಸ್ಟೀಮರ್, ಆಮೇಲೆ ದೋಣಿ. ದ್ವೀಪದ ಗುಡಿಯಲ್ಲಿ ನಾವಿಬ್ಬರು, ಭಟ್ಟರೊಬ್ಬರು. ಯಾರಿಗೂ ಹೇಳಲಿಲ್ಲ ಅಲ್ವಾ, ನೀಲಾ?”

“ಇಲ್ಲಪ್ಪ. ಸೋದರಮಾವನಿಗೆ ಮಾತ್ರ.”

“ನಾವು ಓಡುವುದೇ ಅವರಿಗೆ ಹೆದರಿ, ಮಾರಾಯ್ತಿ!”

“ಮತ್ತೆ ಧಾರೆ ಎರೆಯುವುದು ಯಾರು? ನಮ್ಮಲ್ಲಿ ಮಾವ ನೀರು ಬಿಡದೆ ಮದುವೆ ಉಂಟಾ?”

“ಮುಗೀತು! ಕಾಲು ಮುರೀತೇನೆ ಅಂದ್ರಾ?”

“ಮೊದಲು ಅಂದ್ರು. ಆಮೇಲೆ, ‘ಒಪ್ಪುವುದಿಲ್ಲ ಅಂತ ಊರಿಗೆಲ್ಲ ಹೇಳಿಯಾಗಿದೆ, ಈಗ ಒಪ್ಪಿದರೆ ಮರ್ಯಾದೆ ಹೋಗ್ತದೆ. ನೀವು ಓಡಿ, ನಾನು ಅಟ್ಟಿಸಿಕೊಂಡು ಬರ್ತೇನೆ’ ಅಂದ್ರು.”

“ಅಟ್ಟಿಸಿಕೊಂಡು?”

“ಹಿಂದಿನ ದೋಣಿಯಲ್ಲಿ, ಬೈಯುತ್ತಾ. ಧಾರೆಯ ಗಿಂಡಿ, ಅತ್ತೆ, ಮಾವನ ಹೋಟೆಲಿನ ಅಡುಗೆಯವರು ಎಲ್ಲ ಅದರಲ್ಲೇ. ದಡ ಮುಟ್ಟುವವರೆಗೆ ನಿಮ್ಮನ್ನು ಹೆದರಿಸಬೇಕು, ಹೇಳಬೇಡ ಅಂದಿದ್ರು. ನಿಮ್ಮ ಮುಖ ನೋಡಿ ಪಾಪ ಅನಿಸಿತು.”

ಚೆನ್ನಯ ಸಾಲಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನಕ್ಕ. ಅಷ್ಟರಲ್ಲಿ ಟ್ರಾಮ್ ಬಂತು.

“ಹಾಗಾದರೆ ನಾನು ಹೆದರಿದ ಹಾಗೆ ಮಾಡಬೇಕಾ?” ಎಂದು ನಗುತ್ತಲೇ ಹತ್ತಿದ.

ಹಿಂದೆಯೇ ಹತ್ತಿದ ನೀಲಾವತಿ ಹೇಳಿದಳು: “ಸ್ವಲ್ಪ ಅಳಿ ಕೂಡ. ಮಾವನಿಗೆ ಖುಷಿಯಾಗ್ತದೆ.”