ಗೋಡೆಗಂಟಿದ ವಿಷ

ಸಂಜೆಯ ಬಸ್ಸಿನ ಸಾಲಿನಲ್ಲಿ ಒಬ್ಬ ಹುಡುಗಿಯ ಮುಂದೆ ಪಕ್ಕದ ಪ್ರಯೋಗಾಲಯದ ಇಬ್ಬರು ಹೆಂಗಸರು ನಿಂತಿದ್ದರು. ಅವರಲ್ಲಿ ಕಿರಿಯಳ ಮುಖ ಬಾಡಿತ್ತು. ಹುಡುಗಿ ಪುಸ್ತಕ ತೆರೆದಳು. ಕಿವಿ ಮಾತ್ರ ಅವರ ಕಡೆಗೇ ಇತ್ತು.

"ನಾಳೆ ಪಿಎಚ್‌ಡಿ ಗೈಡ್‌ಗೆ ಹೇಳ್ಬಿಡ್ತೀನಕ್ಕ. ನನ್ನ ಸಮುದ್ರದ ಬಸವನಹುಳುವಿನ ವಿಷದಲ್ಲಿ ದಮ್ಮಿಲ್ಲ, ಕೆಲಸ ನಿಲ್ಲಿಸ್ತೀನಿ ಅಂತ."

"ಆ ವಿಷದಿಂದ್ಲೇ ನೋವಿಗೆ ಔಷಧಿ ಮಾಡ್ತೀನಿ ಅಂತ ವರ್ಷವಿಡೀ ಕುಣಿದ್ಯಲ್ಲೇ!"

"ಏನ್ಮಾಡ್ಲಿ? ನರದ ಮೇಲೆ ವಿಷವನ್ನ ಹಿಡ್ಕೊಳ್ಳೋ ರಿಸೆಪ್ಟರ್ ಮಣೆ ಹಾಕ್ಕೊಂಡು ಕಾಯ್ತಿದೆ. ವಿಷ ಗಟ್ಟಿಯಾಗಿದ್ರೆ ಹೋಗಿ ಕೂರುತ್ತೆ. ತೆಳ್ಳಗೆ ಮಾಡಿದ್ರೆ ನಾಪತ್ತೆ."

"ಯಾವುದರಲ್ಲಿ ತೆಳ್ಳಗೆ ಮಾಡ್ತೀಯ?"

"ಪ್ಲಾಸ್ಟಿಕ್ ಟ್ಯೂಬಲ್ಲಿ, ನೀರು ಹಾಕಿ."

"ಬರೀ ನೀರಾ?"

"ಹೂಂ. ಯಾಕಕ್ಕ?"

"ಅಯ್ಯೋ ಪೆದ್ದೀ! ತೆಳ್ಳಗಾದಾಗ ಇರೋ ಚೂರು ವಿಷವೆಲ್ಲ ಟ್ಯೂಬಿನ ಗೋಡೆಗೇ ಅಂಟ್ಕೊಂಡಿರುತ್ತೆ ಕಣೇ. ನೀನು ಖಾಲಿ ನೀರು ಬಡಿಸಿ, ಉಣ್ಣಲ್ಲ ಅಂತ ರಿಸೆಪ್ಟರನ್ನ ಬೈತಿದ್ದೀಯ. ನೀರಿಗೆ ಮೊದಲೇ ಚೂರು ಆಲ್ಬುಮಿನ್ ಹಾಕು. ಆ ಪ್ರೋಟೀನ್ ಗೋಡೆ ತುಂಬ ಕೂತ್ಕೊಂಡ್ರೆ ವಿಷಕ್ಕೆ ಅಂಟೋಕೆ ಜಾಗಾನೇ ಇರಲ್ಲ."

"ಅಷ್ಟೇನಾ?"

"ಅಷ್ಟೇ. ಇದಕ್ಕೆ ಅಳದೇ ಇರೋರು ನಮ್ಮಲ್ಲಿ ಯಾರಿದ್ದಾರೆ?"

ಬಸ್ಸು ಬಂದು ನಿಂತಿತು. ಕಿರಿಯಳು ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು.

"ಈಗ್ಲೇ ನೋಡ್ಬಿಡ್ಲಾ ಅಕ್ಕ?"

"ಮನೇಲಿ ಅಮ್ಮ ಕಾಯಲ್ವೇನೇ?"

"ಫೋನ್ ಮಾಡ್ತೀನಿ. ನೀವೂ ಬನ್ನಿ."

"ನಮ್ಮೆಜಮಾನ್ರು ನಿಂಗೆ ಶಾಪ ಹಾಕ್ತಾರೆ ನೋಡು. ನಡಿ, ನಡಿ."

ಹುಡುಗಿ ಬಸ್ಸು ಹತ್ತಿ ಕಿಟಕಿಯಿಂದ ತಿರುಗಿ ನೋಡಿದಳು. ಕಿರಿಯಳು ಆಗಲೇ ಪ್ರಯೋಗಾಲಯದ ಗೇಟಿನತ್ತ ಓಡುತ್ತಿದ್ದಳು. ಅಕ್ಕ ಚಪ್ಪಲಿ ಸರಿಮಾಡಿಕೊಳ್ಳುತ್ತ, "ನಿಧಾನ ಕಣೇ, ವಿಷ ಎಲ್ಲೂ ಓಡಿಹೋಗಲ್ಲ!" ಎಂದು ಕೂಗುತ್ತಿದ್ದಳು.